ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ ಕೀ

"ಅಜ್ಜಿ, ಐದು ಲೀಟರ್ ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕಬೇಕು, ಹೇಳು ನೋಡೋಣ?"

ಹದಿನಾಲ್ಕು ವರ್ಷದ ಮೊಮ್ಮಗಳು ಹೀಗೆ ಕೇಳಿದಾಗ ನಾನು ಹುಳಿಗೆ ಬೇಳೆ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡು, "ಲೀಟರಿಗೆ ನಲವತ್ತು ಮಿಲಿ. ಐದಕ್ಕೆ ಇನ್ನೂರು" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಜ್ಜಿ, ಅಷ್ಟು ಹಾಕಿದ್ರೆ ಊರೆಲ್ಲಾ ಹೊಗೆ! ಇದಕ್ಕೆ ಲೀಟರಿಗೆ ಹದಿನೈದೇ."

ಎಪ್ಪತ್ಮೂರು ವರ್ಷದ ಮುದುಕಿಗೆ ಪೆಟ್ರೋಲು, ಆಯಿಲ್ಲಿನ ಲೆಕ್ಕ ಯಾಕೆ ಅಂತ ನಿಮಗೆ ನಗು ಬರಬಹುದು. ನಗಿ, ಬೇಡ ಅನ್ನುವುದಿಲ್ಲ. ಆದರೆ ಕಳೆದ ವರ್ಷ ಮಗಳ ಮನೆಯಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಅದರಲ್ಲಿ ನನ್ನ ತಪ್ಪು ಒಂದಲ್ಲ, ಎರಡಿದೆ. ಒಂದು ಕಳೆದ ವರ್ಷದ್ದು, ಇನ್ನೊಂದು 1991ರದ್ದು.

ಮೊದಲು ಆ ನಲವತ್ತು ಮಿಲಿಯ ಕಥೆ ಹೇಳಿಬಿಡುತ್ತೇನೆ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ನಮ್ಮವರು ಹೈಸ್ಕೂಲು ಮೇಷ್ಟರು. 1982ರಲ್ಲಿ ಅವರು ಸಾಲ ಸೋಲ ಮಾಡಿ ಒಂದು ಯಜ್ದಿ ಮೋಟಾರ್ ಸೈಕಲ್ ತಂದರು. ಆಗೆಲ್ಲ ನಮ್ಮ ಕಡೆ ಯಜ್ದಿ ಅಂದರೆ ಮನೆಮಗನ ಹಾಗೆ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿಯಲ್ಲವೇ? 1961ರಲ್ಲಿ ಜಾವಾ ಅನ್ನುವ ಹೆಸರಿನಲ್ಲಿ ಶುರುವಾಗಿ, ಆಮೇಲೆ ಯಜ್ದಿ ಆಗಿ, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರ್ ಹಾಕುವ ಕಡ್ಡಿಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಎಂಥ ಬುದ್ಧಿವಂತರಪ್ಪ ಅಂತ ನಾನು ಆಗ ಬೆರಗಾಗಿದ್ದೆ.

ಅದು ಟೂ ಸ್ಟ್ರೋಕ್ ಗಾಡಿ. ಅಂದರೆ ಇಂಜಿನ್ನಿನ ಒಳಗೆ ಓಡಾಡುವ ಪಿಸ್ಟನ್ನಿಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬೆರೆಸಿ ಕೊಡಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ಗಿಗೆ ಮಸಿ ಹಿಡಿದು ಗಾಡಿ ನಿಂತುಬಿಡುತ್ತದೆ. ಒಗ್ಗರಣೆಗೆ ಇಂಗು ಹಾಕಿದ ಹಾಗೆ, ಹದ ತಪ್ಪಬಾರದು. ಆ ಅಳತೆ ನಮ್ಮವರು ನನಗೆ ಕಲಿಸಿದ್ದರು. ಭಾನುವಾರ ಬೆಳಗ್ಗೆ ಅವರು ಅಂಗಳದಲ್ಲಿ ಗೋಣಿ ಹಾಸಿಕೊಂಡು ಗಾಡಿ ಬಿಚ್ಚುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದಳು. ನಾನು ಕಾಫಿ ತಂದು ಕೊಡುತ್ತಾ, ಬಾಯಲ್ಲಿ ಬೈಯುತ್ತಾ, ಕಣ್ಣಲ್ಲಿ ಕಲಿಯುತ್ತಾ ಇದ್ದೆ. ಪ್ಲಗ್ ಬಿಚ್ಚಿದಾಗ ಅದರ ತುದಿ ಕಾಫಿಪುಡಿಯ ಕಂದು ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ ಅಂತ ಅರ್ಥ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಕಮ್ಮಿ, ಇಂಜಿನ್ ಕಾಯುತ್ತಿದೆ ಅಂತ. ಇದನ್ನೆಲ್ಲ ನಾನು ಯಾರ ಹತ್ತಿರವೂ ಕೇಳಿ ತಿಳಿದುಕೊಂಡದ್ದಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ತಿಳಿದುಕೊಂಡದ್ದು.

ಮಗಳಿಗೆ ಹದಿನಾರಾದಾಗ, "ಅಮ್ಮಾ, ಗಾಡಿ ಓಡಿಸೋದು ಕಲೀತೀನಿ" ಅಂದಳು. ನಾನು ಖಂಡಿತಾ ಬೇಡ ಅಂದೆ. ಹೆಣ್ಣುಮಗಳು ಮೋಟಾರ್ ಸೈಕಲ್ ಮೇಲೆ ಕೂತರೆ ಬೀದಿಯವರು ಏನಂದಾರು? ಅಪ್ಪ ಮಗಳು ಸೇರಿ ನನಗೆ ಗೊತ್ತಿಲ್ಲದಂತೆ ಸ್ಟೇಷನ್ ರಸ್ತೆಯಲ್ಲಿ ಅಭ್ಯಾಸ ಶುರು ಮಾಡಿದ್ದರು. ಒಂದು ದಿನ ಅವಳು ಇಳಿಜಾರಿನಲ್ಲಿ ಬಿದ್ದು ಮಂಡಿ ಒಡೆದುಕೊಂಡು ಬಂದಳು. ನಾನು ನಾಲ್ಕು ದಿನ ಇವರ ಹತ್ತಿರ ಮಾತಾಡಲಿಲ್ಲ. ಗಾಡಿಯ ಕೀ ತೆಗೆದು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟೆ. ಇವರಿಗೆ ಸ್ಕೂಲಿಗೆ ಹೋಗುವಾಗ ಕೊಡುವುದು, ಬಂದ ಮೇಲೆ ಇಸಿದುಕೊಂಡು ಅಕ್ಕಿಯಲ್ಲಿ ಹೂಳುವುದು. ಮಗಳು ಮತ್ತೆ ಯಾವತ್ತೂ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಇದು 1991ರ ಮಾತು.

ಇವರು ತೀರಿಕೊಂಡು ಈಗ ಐದು ವರ್ಷ. ಯಜ್ದಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿದೆ. ಮಗಳು ಅಳಿಯ ಇರುವುದು ಇಂಗ್ಲೆಂಡಿನ ಯಾರ್ಕ್‌ಶೈರ್ ಎನ್ನುವ ಕಡೆ. "ಒಬ್ಬಳೇ ಇದ್ದು ಏನು ಮಾಡ್ತೀಯ, ಬಾ" ಅಂತ ಮಗಳು ಬಲವಂತ ಮಾಡಿ ಕರೆಸಿಕೊಂಡಳು. ಕಳೆದ ಏಪ್ರಿಲಿನಲ್ಲಿ ಹೋದೆ. ಸುತ್ತಲೂ ಹಸಿರು ಗುಡ್ಡ, ಕಲ್ಲು ಜೋಡಿಸಿದ ಗೋಡೆಗಳು, ಎಲ್ಲೆಲ್ಲೂ ಕುರಿಗಳು. ಮಲೆನಾಡಿನಲ್ಲಿ ಮರಗಳನ್ನೆಲ್ಲ ಕಡಿದುಬಿಟ್ಟರೆ ಹೇಗಿರಬಹುದೋ ಹಾಗೆ.

ಹೋದ ಮೊದಲ ಭಾನುವಾರವೇ ನನ್ನನ್ನು ಒಂದು ಹಳ್ಳದ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ನೋಡಿದರೆ ಮಕ್ಕಳು, ದೊಡ್ಡವರು, ನನ್ನ ವಯಸ್ಸಿನ ಗಂಡಸರು, ಎಲ್ಲರೂ ಮೋಟಾರ್ ಸೈಕಲ್ಲಿನಲ್ಲಿ ಬಂಡೆ ಹತ್ತುತ್ತಿದ್ದಾರೆ! ನನ್ನ ಎದೆ ಝಲ್ಲೆಂದಿತು. ಆಮೇಲೆ ನೋಡಿದರೆ ಆ ತಲೆಗವಚದವರ ನಡುವೆ ನಮ್ಮ ಮೊಮ್ಮಗಳು!

ಈ ಆಟಕ್ಕೆ 'ಟ್ರಯಲ್ಸ್' ಅಂತ ಹೆಸರು. ಓಟದ ಪಂದ್ಯವಲ್ಲ ಇದು. ಬೇಗ ಹೋಗುವುದರಿಂದ ಏನೂ ಲಾಭವಿಲ್ಲ, ಮನುಷ್ಯ ನಡೆಯುವಷ್ಟೇ ವೇಗ. ಹಳ್ಳ, ಬಂಡೆ, ಬೇರು, ಕೆಸರು ಇರುವ ಕಡೆ ಎರಡು ಬದಿಗೂ ಗುರುತು ನೆಟ್ಟಿರುತ್ತಾರೆ. ಆ ಗುರುತುಗಳ ನಡುವೆ ಕಾಲು ನೆಲಕ್ಕೆ ಊರದೆ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ಊರಿದರೂ ಮೂರು. ಬಿದ್ದರೆ ಅಥವಾ ಗುರುತು ದಾಟಿ ಹೊರಗೆ ಹೋದರೆ ಐದು. ಯಾರಿಗೆ ಕಮ್ಮಿ ಅಂಕವೋ ಅವರೇ ಗೆದ್ದವರು. "ಇದು ನಮ್ಮ ಕುಂಟೆಬಿಲ್ಲೆ ಕಣೇ!" ಅಂದೆ ಮಗಳಿಗೆ. ಅವಳು ನಕ್ಕಳು.

ಈ ಆಟದಲ್ಲಿ ಹೆಂಗಸರು ಹಿಂದೆ ಬಿದ್ದಿಲ್ಲ ನೋಡಿ. ಹೆಂಗಸರಿಗೇ ಬೇರೆಯಾಗಿ ವಿಶ್ವ ಚಾಂಪಿಯನ್‌ಷಿಪ್ 2000ದಲ್ಲಿ ಶುರುವಾಯಿತು. ಸ್ಪೇನಿನ ಲಾಯಾ ಸಾಂಜ್ ಎನ್ನುವ ಹುಡುಗಿ ಆ ಮೊದಲ ವರ್ಷವೇ ಗೆದ್ದು, ಮುಂದೆ ಹತ್ತಕ್ಕೂ ಹೆಚ್ಚು ಸಲ ಗೆದ್ದಳಂತೆ. ಅಷ್ಟಕ್ಕೇ ನಿಲ್ಲದೆ ಡಕಾರ್ ಎನ್ನುವ ಮರುಭೂಮಿ ರ‍್ಯಾಲಿಗೂ ಹೋಗಿ, 2015ರಲ್ಲಿ ಗಂಡಸರೂ ಸೇರಿದ ಪಂದ್ಯದಲ್ಲಿ ಒಂಬತ್ತನೆಯವಳಾಗಿ ಬಂದಳು. ಇಂಗ್ಲೆಂಡಿನವಳೇ ಆದ ಎಮ್ಮಾ ಬ್ರಿಸ್ಟೋ 2014ರಿಂದ ಹಲವು ವರ್ಷ ವಿಶ್ವ ಚಾಂಪಿಯನ್. ಮೊಮ್ಮಗಳ ಕೋಣೆಯ ಗೋಡೆಯ ಮೇಲೆ ಇವರಿಬ್ಬರ ಚಿತ್ರ ಅಂಟಿಸಿಕೊಂಡಿದ್ದಳು. ನಾನು ಮೊದಲು ಸಿನಿಮಾ ತಾರೆಯರೇನೋ ಅಂದುಕೊಂಡಿದ್ದೆ!

ಗಾಡಿಯೂ ವಿಚಿತ್ರ. ಸೀಟೇ ಇಲ್ಲ! ಕೂರುವ ಪ್ರಶ್ನೆಯೇ ಇಲ್ಲ, ಉದ್ದಕ್ಕೂ ನಿಂತೇ ಓಡಿಸಬೇಕು. ಪೆಟ್ರೋಲ್ ಟ್ಯಾಂಕು ಎರಡು ಮೂರು ಲೀಟರಿನದು, ನಮ್ಮ ಹಾಲಿನ ಕ್ಯಾನಿನಷ್ಟು. ಇಡೀ ಗಾಡಿ ಸುಮಾರು ಎಪ್ಪತ್ತು ಕೆ.ಜಿ. ತೂಕ. ಟೈರಿನ ಗಾಳಿ ಕೇಳಿದರಂತೂ ನೀವು ನಂಬುವುದಿಲ್ಲ. ನಾವು ಗಾಡಿಗೆ ಇಪ್ಪತ್ತೈದು, ಮೂವತ್ತು ಪೌಂಡ್ ಹಾಕಿಸುತ್ತೇವಲ್ಲ, ಇದಕ್ಕೆ ಮುಂದಕ್ಕೆ ಆರು, ಹಿಂದಕ್ಕೆ ನಾಲ್ಕೂವರೆ! ಮೆತ್ತಗಿನ ಟೈರು ಕಲ್ಲಿನ ಮೇಲೆ ಹರಡಿಕೊಂಡು ಹಿಡಿಯಬೇಕಂತೆ, ಹಲ್ಲಿ ಗೋಡೆ ಹಿಡಿದ ಹಾಗೆ.

ಮೇ ತಿಂಗಳಿನಲ್ಲಿ ಅವಳಿಗೆ ಹಳೆಯ 80 ಸಿ.ಸಿ. ಗಾಡಿ ಸಣ್ಣದಾಯಿತು. 125 ಸಿ.ಸಿ.ಯ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಹೊರಟರು. ನಾನೂ ಕಾರಿನಲ್ಲಿ ಕೂತೆ. ಮೊದಲನೆಯದು ನೋಡಲು ಮದುಮಗಳ ಹಾಗಿತ್ತು. ಹೊಸ ಸ್ಟಿಕ್ಕರು, ಹೊಸ ಮಡ್‌ಗಾರ್ಡು, ಫಳಫಳ. ಮಾರುವವನು ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದ. ಅಳಿಯ ಖುಷಿಯಾಗಿಬಿಟ್ಟರು. ನಾನು ಸುಮ್ಮನೆ ಹೋಗಿ, ಗಾಡಿ ಆರಿಸಿದೊಡನೆಯೇ ಇಂಜಿನ್ನಿನ ಬದಿಗೆ ಕೈ ಹಿಡಿದೆ, ಕಾವಲಿ ಕಾದಿದೆಯೇ ಅಂತ ನೋಡುತ್ತೇವಲ್ಲ ಹಾಗೆ. ಚೆನ್ನಾಗಿ ಬಿಸಿ! ಅರೆನಿಮಿಷ ಓಡಿದ್ದಕ್ಕೆ ಅಷ್ಟು ಬಿಸಿಯಾಗುವುದುಂಟೇ? "ನಾವು ಬರೋಕ್ಕೆ ಮುಂಚೆಯೇ ಕಾಯಿಸಿ ಇಟ್ಟಿದಾನೆ. ತಣ್ಣಗಿರುವಾಗ ಇದು ಸ್ಟಾರ್ಟ್ ಆಗೋಲ್ಲ ಅಂತ ಕಾಣುತ್ತೆ" ಅಂದೆ ಕನ್ನಡದಲ್ಲಿ. ಅಳಿಯ ಇಂಗ್ಲಿಷಿನಲ್ಲಿ ಕೇಳಿದರು. ಆತನ ಮುಖ ಕೆಂಪಗಾಯಿತು.

ಆಮೇಲೆ ಮಗಳೇ ಮುಂದೆ ಬಂದಳು. ಗಾಡಿಯ ಹೊಟ್ಟೆಯ ಕೆಳಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರ ಹಿಡಿದು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿದಳು. ಟಕ್ ಟಕ್ ಅಂತು. ಸ್ಪ್ರಿಂಗಿಗೆ ಸೇರಿದ ಕೀಲುಗಳ ಬೇರಿಂಗು ಸವೆದಿದೆ ಅಂತ ಅರ್ಥವಂತೆ. ಚಕ್ರ ಪಕ್ಕಕ್ಕೆ ಅಲ್ಲಾಡಿದರೆ ಚಕ್ರದ ಬೇರಿಂಗು ಹೋಗಿದೆ. ಹ್ಯಾಂಡಲ್ ತಿರುಗಿಸುವಾಗ ನಡುವೆ ಎಲ್ಲೋ ಹಿಡಿದಂತಾದರೆ ಕುತ್ತಿಗೆಯ ಬೇರಿಂಗು. ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ. ಅಡಿಯ ತಗಡು ನೆಗ್ಗಿದ್ದರೆ ಚಿಂತೆಯಿಲ್ಲ, ಅದು ಇರುವುದೇ ಪೆಟ್ಟು ತಿನ್ನಲಿಕ್ಕೆ. ಆದರೆ ಕಾಲು ಇಡುವ ಕಡ್ಡಿಗಳ ಹತ್ತಿರ ಫ್ರೇಮು ಸೀಳಿದ್ದರೆ ಬೇಡವೇ ಬೇಡ. ಮಗಳು ಇಷ್ಟನ್ನೂ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ನಾನು ಅವಳನ್ನೇ ನೋಡುತ್ತಿದ್ದೆ. ಅಂಗಳದ ಗೋಣಿಯ ಮೇಲೆ ಕೂತಿದ್ದ ಆ ಹುಡುಗಿಯೇ. ಗಾಡಿ ಓಡಿಸದಿದ್ದರೂ ಕಲಿತದ್ದನ್ನು ಬಿಟ್ಟಿರಲಿಲ್ಲ.

ಎರಡನೆಯ ಗಾಡಿಗೆ ಅಂದ ಚೆಂದ ಇರಲಿಲ್ಲ, ಮೈಯೆಲ್ಲಾ ಗೀರು. ಆದರೆ ಇಂಜಿನ್ ತಣ್ಣಗಿತ್ತು, ಎರಡನೇ ಕಿಕ್ಕಿಗೆ ಎದ್ದಿತು. ಮಾರುವವರು ವಯಸ್ಸಾದ ಮನುಷ್ಯ. ಯಾವ ತಾರೀಖು ಫಿಲ್ಟರು ತೊಳೆದದ್ದು, ಯಾವಾಗ ಆಯಿಲ್ ಬದಲಿಸಿದ್ದು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು, ನಾವು ಹಾಲಿನ ಲೆಕ್ಕ ಬರೆಯುವ ಹಾಗೆ. "ಇದೇ ಇರಲಿ" ಅಂದೆ. ಹೆಣ್ಣು ನೋಡಲು ಹೋದಾಗ ಸೀರೆ ನೋಡಬಾರದು, ಅಡುಗೆಮನೆ ನೋಡಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಗಾಡಿಗೂ ಅದೇ ಮಾತು.

ಆ ಗಾಡಿ ಬಂದ ಮೇಲೆ ನನಗೂ ಕೆಲಸ ಸಿಕ್ಕಿತು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಅಡುಗೆ ಮುಗಿಸಿ ಗ್ಯಾರೇಜಿನಲ್ಲಿ ಮೊಮ್ಮಗಳ ಜೊತೆ ಕೂರುತ್ತಿದ್ದೆ. ಗಾಳಿಯ ಫಿಲ್ಟರು ಸ್ಪಂಜಿನದು. ಅದನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಅಂಟು ಬಿಡುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ನೆನೆಸಿದ ಅವಲಕ್ಕಿಯನ್ನು ಅದುಮುವ ಹಾಗೆ ಅದುಮಬೇಕು. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಹರಿದುಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಅದಕ್ಕೆಂದೇ ಬರುವ ಎಣ್ಣೆ ಸವರಿ ಹಾಕಬೇಕು. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಟಿಣ್ ಅನ್ನಬೇಕು. ಡಬ್ ಅಂದರೆ ಸಡಿಲವಾಗಿದೆ. ಮಡಕೆ ತಟ್ಟಿ ಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕೇ? ಗಾಡಿ ತೊಳೆಯುವಾಗ ಪೈಪಿನ ಜೋರು ನೀರನ್ನು ಬೇರಿಂಗುಗಳ ಮೇಲೆ ಬಿಡಬಾರದು, ಒಳಗಿನ ಗ್ರೀಸು ಹೊರಟುಹೋಗಿ ತುಕ್ಕು ಹಿಡಿಯುತ್ತದೆ. ಬ್ರೇಕು, ಕ್ಲಚ್ಚಿನ ಹಿಡಿಗಳನ್ನು ಹ್ಯಾಂಡಲಿಗೆ ತೀರಾ ಬಿಗಿ ಮಾಡಬಾರದು. ಸ್ವಲ್ಪ ತಿರುಗುವಂತಿದ್ದರೆ ಬಿದ್ದಾಗ ಮುರಿಯುವುದಿಲ್ಲ. ಹೀಗೆ ದಿನಕ್ಕೊಂದು ಪಾಠ. ಅಂಗಳದಲ್ಲಿ ಇವರು ಇದ್ದಾಗ ಗೋಣಿಯ ಮೇಲೆ ಕೂರಲು ನನಗೆ ನಾಚಿಕೆಯಾಗುತ್ತಿತ್ತು. ಇಲ್ಲಿ ಯಾವ ನಾಚಿಕೆಯೂ ಇರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಜುಲೈ ಮೊದಲ ವಾರ. ಮಾರನೆಯ ದಿನ ಪಂದ್ಯ. ಮೊಮ್ಮಗಳು ಸ್ಕೂಲಿನ ಯಾವುದೋ ಕಾರ್ಯಕ್ರಮಕ್ಕೆ ಹೋಗಿದ್ದಳು. ಪಾಪ, ಮಗು ದಣಿದು ಬರುತ್ತೆ, ನಾನೇ ಗಾಡಿ ಸಿದ್ಧ ಮಾಡಿಟ್ಟಿರೋಣ ಅಂತ ಗ್ಯಾರೇಜಿಗೆ ಹೋದೆ. ಚೈನಿಗೆ ಎಣ್ಣೆ ಹಾಕಿ ಬಟ್ಟೆಯಿಂದ ಒರೆಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹಿಂದಿನ ಚಕ್ರದ ಇನ್ನೊಂದು ಬದಿಗೆ ತಟ್ಟೆಯಂಥದ್ದು ಒಂದಿದೆ, ಬ್ರೇಕಿನ ಡಿಸ್ಕು. ಅದರ ಮೇಲೆ ಕೆಸರಿನ ಕಲೆ ಒಣಗಿ ಕಂದಾಗಿತ್ತು. ಕಲೆ ಕಂಡರೆ ನಮ್ಮಂಥವರ ಕೈ ಸುಮ್ಮನಿರುತ್ತದೆಯೇ? ಅದೇ ಎಣ್ಣೆ ಬಟ್ಟೆಯಿಂದ, ದೋಸೆ ಕಾವಲಿಗೆ ಒರೆಸಿದ ಹಾಗೆ, ಚೆನ್ನಾಗಿ ಉಜ್ಜಿ ಒರೆಸಿದೆ. ಫಳಫಳ ಹೊಳೆಯಿತು. ಖುಷಿಯಾಗಿ ಬಂದು ಮಲಗಿದೆ.

ನಮ್ಮ ಯಜ್ದಿಯಲ್ಲಿ ಬ್ರೇಕು ಡ್ರಮ್ಮಿನ ಒಳಗಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಡಿಸ್ಕನ್ನು ಎರಡು ಪ್ಯಾಡುಗಳು ಎರಡು ಕಡೆಯಿಂದ ಕಚ್ಚಿ ಹಿಡಿದರೆ ಮಾತ್ರ ಗಾಡಿ ನಿಲ್ಲುವುದು, ಅದಕ್ಕೆ ಎಣ್ಣೆಯ ಪಸೆ ಸೋಕಿದರೂ ಹಿಡಿತ ತಪ್ಪುತ್ತದೆ ಅನ್ನುವುದು ನನಗೆ ತಿಳಿದಿರಲಿಲ್ಲ.

ಪಂದ್ಯದಲ್ಲಿ ಮೊದಲ ಎರಡು ಕಡೆ ಹತ್ತುವುದೇ ಇತ್ತು. ಮೂರನೆಯದು ಕಡಿದಾದ ಇಳಿಜಾರು, ಕೆಳಗೆ ಹಳ್ಳ. ಅವಳು ಮೇಲಿನಿಂದ ಇಳಿಯಲು ಶುರು ಮಾಡಿದಳು. ಹಿಂದಿನ ಬ್ರೇಕು ಹಿಡಿಯಲಿಲ್ಲ. ಗಾಬರಿಯಲ್ಲಿ ಮುಂದಿನದನ್ನು ಒತ್ತಿದಳು. ಮುಂದಿನ ಚಕ್ರ ಕಚ್ಚಿಕೊಂಡು ಜಾರಿತು. ನನ್ನ ಕಣ್ಣೆದುರಿಗೇ ಮಗು ಗಾಡಿಯ ಮೇಲಿಂದ ಹಳ್ಳದ ಕಲ್ಲುಗಳ ಮೇಲೆ ಬಿದ್ದಳು. ಮಣಿಕಟ್ಟಿಗೆ ಕಟ್ಟಿದ್ದ ದಾರ ಎಳೆದುಕೊಂಡು ಇಂಜಿನ್ ತಕ್ಷಣ ಆರಿತು. ಆ ದಾರ ಅಲ್ಲಿ ಕಡ್ಡಾಯ. ಅದಿಲ್ಲದಿದ್ದರೆ ಏನಾಗುತ್ತಿತ್ತೋ ಊಹಿಸಲಾರೆ. ಎಡಗೈ ಮುಂಗೈ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು.

ಅಳಿಯ ಗಾಡಿ ಎತ್ತುವಾಗ ಡಿಸ್ಕಿನ ಮೇಲೆ ಬೆರಳು ಆಡಿಸಿ, ಬೆರಳನ್ನು ನೋಡಿಕೊಂಡದ್ದನ್ನು ನಾನು ಕಂಡೆ. ನನ್ನ ಕಾಲು ತಣ್ಣಗಾಯಿತು. ಅವರು ಏನೂ ಅನ್ನಲಿಲ್ಲ. ಚೈನಿನ ಎಣ್ಣೆ ಹೇಗೋ ಸಿಡಿದಿದೆ ಅಂದುಕೊಂಡರೋ ಏನೋ.

ರಾತ್ರಿ ಮಗು ಮಲಗಿದ ಮೇಲೆ ಮಗಳು ಅಡುಗೆಮನೆಯಲ್ಲಿ ಕೂತು ಅಳಲು ಶುರು ಮಾಡಿದಳು. "ಸಾಕಮ್ಮಾ, ಇನ್ನು ಸಾಕು. ನೀನೇ ಸರಿ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ? ನಾಳೆಯೇ ಗಾಡಿ ಮಾರಿಬಿಡ್ತೀನಿ" ಅಂದಳು.

ನೋಡಿ, ನಾನು ಆಗ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಗಾಡಿ ಹೋಗುತ್ತಿತ್ತು, ನನ್ನ ತಪ್ಪೂ ಅದರ ಜೊತೆಗೇ ಹೋಗುತ್ತಿತ್ತು. ಮೂವತ್ತು ವರ್ಷದ ಹಿಂದೆ ನಾನು ಆಡಿದ್ದ ಮಾತನ್ನೇ ಮಗಳು ಆಡುತ್ತಿದ್ದಳು. ಅವಳ ಬಾಯಲ್ಲಿ "ನೀನೇ ಸರಿ" ಅಂತ ಕೇಳಲು ನಾನು ಎಷ್ಟು ಆಸೆಪಟ್ಟಿದ್ದೆನೋ! ಈಗ ಕೇಳಿದರೆ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಯಿತು.

"ಮಾರಬೇಡ ಕಣೇ. ಬಿದ್ದದ್ದು ಅವಳ ತಪ್ಪಿನಿಂದಲ್ಲ. ಡಿಸ್ಕಿಗೆ ಎಣ್ಣೆ ಬಟ್ಟೆ ಒರೆಸಿದ್ದು ನಾನು" ಅಂದೆ.

ಮಗಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಕೊನೆಗೆ ನಿಧಾನವಾಗಿ ಅಂದಳು: "ನಾನು ಸ್ಟೇಷನ್ ರಸ್ತೇಲಿ ಬಿದ್ದದ್ದು ಯಾಕೆ ಅಂತ ನಿಂಗೆ ಗೊತ್ತಾ ಅಮ್ಮಾ?"

"ಯಾಕೆ?"

"ಮುಂದಿನ ಬ್ರೇಕ್ ಕೇಬಲ್ ಸಡಿಲವಾಗಿತ್ತು. ಅಪ್ಪ ಆ ಭಾನುವಾರ ಬಿಗಿ ಮಾಡೋದು ಮರೆತಿದ್ರು. ಹಿಡಿ ಪೂರ್ತಿ ಒತ್ತಿದ್ರೂ ಹಿಡೀಲಿಲ್ಲ. ಅಪ್ಪಂಗೂ ಅದು ಗೊತ್ತಾಗಿತ್ತು. ಆಮೇಲೆ ಕೂತು ಸರಿ ಮಾಡಿದ್ರು. ನೀನು ಹೆಣ್ಣುಹುಡುಗಿ ಓಡಿಸಿದ್ದಕ್ಕೇ ಬಿದ್ದಳು ಅಂದೆ. ಯಾಕೆ ಬಿದ್ದೆ ಅಂತ ಕೇಳಲೇ ಇಲ್ಲ."

ಕೇಳಲೇ ಇಲ್ಲ! ಹೌದು, ಕೇಳಿರಲಿಲ್ಲ. ಎರಡು ನಿಮಿಷದಲ್ಲಿ ಸ್ಪ್ಯಾನರ್ ತಿರುಗಿಸಿ ಸರಿಮಾಡಬಹುದಾಗಿದ್ದ ಒಂದು ಕೇಬಲ್ಲು. ಅದಕ್ಕೆ ನಾನು ಮಗಳ ಆಸೆಯನ್ನೇ ಅಕ್ಕಿ ಡಬ್ಬದಲ್ಲಿ ಹೂತುಬಿಟ್ಟೆ. ಇವರಾದರೂ ನನ್ನ ಕೋಪಕ್ಕೆ ಹೆದರಿ ತಮ್ಮ ತಪ್ಪನ್ನು ಹೇಳಲಿಲ್ಲ. ಹೋದವರ ಮೇಲೆ ದೂರು ಹೇಳಬಾರದು. ಆದರೆ ಆ ರಾತ್ರಿ ನನಗೆ ಅವರ ಮೇಲೂ, ನನ್ನ ಮೇಲೂ ಒಟ್ಟಿಗೇ ಸಿಟ್ಟು ಬಂತು. ತಾಯಿ ಮಗಳು ಒಂದು ಗಂಟೆಯವರೆಗೂ ಕೂತಿದ್ದೆವು. ಏನೇನು ಮಾತಾಡಿದೆವೋ ಅದೆಲ್ಲ ಇಲ್ಲಿ ಬೇಡ.

ಬೆಳಗ್ಗೆ ಮೊಮ್ಮಗಳಿಗೂ ಹೇಳಿದೆ. ಅವಳು ಪ್ಲಾಸ್ಟರಿನ ಕೈಯನ್ನು ನನ್ನ ಹೆಗಲ ಮೇಲೆ ಹಾಕಿ, ತನ್ನ ಅರೆಬರೆ ಕನ್ನಡದಲ್ಲಿ, "ಹೊರಡೋ ಮುಂಚೆ ಬ್ರೇಕ್ ನೋಡೋದು ನನ್ ಕೆಲಸ ಅಜ್ಜಿ. ಮೊದಲ ಸೆಕ್ಷನ್‌ನಲ್ಲೇ ಮೆತ್ತಗೆ ಅನ್ನಿಸ್ತು, ನಾನು ನಿಲ್ಲಿಸಲಿಲ್ಲ" ಅಂದಳು. ಆಮೇಲೆ ನಕ್ಕು, "ಆದ್ರೆ ನೀನು ಇನ್ಮೇಲೆ ಡಿಸ್ಕ್ ಮುಟ್ಟಬೇಡ!" ಅಂದಳು. ಹದಿನಾಲ್ಕರ ಹುಡುಗಿ ಅಷ್ಟು ಸಲೀಸಾಗಿ ತನ್ನ ಪಾಲಿನ ತಪ್ಪು ಒಪ್ಪಿಕೊಂಡದ್ದು ನೋಡಿ ಎಪ್ಪತ್ಮೂರರ ನನಗೆ ತಲೆತಗ್ಗಿತು.

ಎಣ್ಣೆ ಕುಡಿದ ಪ್ಯಾಡುಗಳನ್ನು ತೊಳೆದು ಹಾಕಿದರೆ ನಂಬಲಾಗುವುದಿಲ್ಲ, ಬದಲಾಯಿಸಲೇಬೇಕು. ಆಗಸ್ಟಿನಲ್ಲಿ ಪ್ಲಾಸ್ಟರು ಬಿಚ್ಚಿದ ಮೇಲೆ ಡಿಸ್ಕನ್ನು ಬ್ರೇಕಿಗೆಂದೇ ಇರುವ ದ್ರಾವಣದಿಂದ ಶುಚಿ ಮಾಡಿ ಹೊಸ ಪ್ಯಾಡು ಹಾಕಿದರು. ಹಾಕಿದವಳು ಮೊಮ್ಮಗಳು, ಸ್ಪ್ಯಾನರ್ ಕೊಟ್ಟವಳು ಮಗಳು, ಟಾರ್ಚ್ ಹಿಡಿದವಳು ನಾನು. ಸೆಪ್ಟೆಂಬರಿನಲ್ಲಿ ಅವಳು ಮತ್ತೆ ಪಂದ್ಯಕ್ಕಿಳಿದಳು. ಹೊರಡುವ ಮುಂಚೆ ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ ಹಿಂದಿನ ಬ್ರೇಕು, ಮತ್ತೆ ನಾಲ್ಕು ಹೆಜ್ಜೆ ತಳ್ಳಿ ಮುಂದಿನ ಬ್ರೇಕು ಒತ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಬಹುಮಾನವೇನೂ ಬರಲಿಲ್ಲ, ಬಹಳ ಸಲ ಕಾಲೂರಿದಳು. ಆದರೆ ಆ ಇಳಿಜಾರನ್ನು ಒಮ್ಮೆಯೂ ಕಾಲೂರದೆ ಇಳಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮಗಳು ಭುಜ ಅಲುಗಿಸಿ ಹೇಳಿದಳು.

ಅಕ್ಟೋಬರಿನಲ್ಲಿ ಊರಿಗೆ ಬಂದೆ. ಆಯುಧಪೂಜೆಗೆ ಕೊಟ್ಟಿಗೆಯ ಬೆಡ್‌ಶೀಟು ತೆಗೆದು ಯಜ್ದಿಗೆ ಕುಂಕುಮ ಇಟ್ಟು ಹೂ ಮುಡಿಸುವುದು ಪ್ರತಿ ವರ್ಷದ ಪದ್ಧತಿ. ಈ ಸಲ ಟೌನಿನ ಹಳೆಯ ಮೆಕ್ಯಾನಿಕ್ಕನನ್ನು ಕರೆಸಿದೆ. ಟ್ಯಾಂಕಿನಲ್ಲಿ ಕೊಳೆತಿದ್ದ ಪೆಟ್ರೋಲು ಚೆಲ್ಲಿಸಿದೆ, ಕಾರ್ಬುರೇಟರ್ ತೊಳೆಸಿದೆ. ಸೈಲೆನ್ಸರಿನ ಒಳಗೆ ಕಟ್ಟಿದ್ದ ಮಸಿ ತೆಗೆಸಿದೆ. ಎರಡು ಟೈರೂ ಹೊಸದು ಹಾಕಿಸಿದೆ. ಬ್ರೇಕ್ ಕೇಬಲ್ಲು ಹೊಸದು ಹಾಕುವಾಗ ಮಾತ್ರ ಪಕ್ಕದಲ್ಲೇ ಕೂತು, ಹಿಡಿ ಒತ್ತಿ ಒತ್ತಿ ನೋಡಿದೆ. "ಅಮ್ಮಾವ್ರೇ, ನೀವು ಓಡಿಸ್ತೀರಾ?" ಅಂತ ಅವನು ತಮಾಷೆ ಮಾಡಿದ. "ಇಲ್ಲಪ್ಪ, ನನ್ನ ಮಗಳು" ಅಂದೆ.

ಮನೆಯಲ್ಲಿ ಗಾಡಿ ಇರುವ ಸೋದರಿಯರಿಗೆ ನನ್ನ ಅನುಭವದ ನಾಲ್ಕು ಮಾತು. ಸ್ಕೂಟರಾಗಲಿ, ಮೋಟಾರ್ ಸೈಕಲ್ಲಾಗಲಿ, ಓಡಿಸುವವರು ಮಗನಾಗಲಿ, ಮಗಳಾಗಲಿ, ನೀವೇ ಆಗಲಿ, ಅಂಗಳ ಬಿಡುವ ಮುಂಚೆ ಎರಡು ಬ್ರೇಕನ್ನೂ ಒತ್ತಿ ನೋಡಿ. ವಾರಕ್ಕೊಮ್ಮೆ ಗಾಳಿ ನೋಡಿಸಿ. ಚೈನಿಗೆ ಎಣ್ಣೆ ಹಾಕಿ, ಆದರೆ ಆ ಬಟ್ಟೆಯನ್ನು ಬ್ರೇಕಿನ ಹತ್ತಿರಕ್ಕೂ ತರಬೇಡಿ. ಹಳೆಯ ಗಾಡಿ ಕೊಳ್ಳಲು ಹೋದರೆ ಮೊದಲು ಇಂಜಿನ್ನಿನ ಹತ್ತಿರ ಕೈ ಹಿಡಿದು ನೋಡಿ, ತಣ್ಣಗಿರುವ ಗಾಡಿಯನ್ನೇ ಸ್ಟಾರ್ಟ್ ಮಾಡಿಸಿ. ಇನ್ನು ಮನೆಯಲ್ಲಿ ಯಾರಾದರೂ ಬಿದ್ದು ಬಂದರೆ, ಗಾಯಕ್ಕೆ ಅರಿಶಿನವೋ ಔಷಧಿಯೋ ಹಚ್ಚುವಾಗ, ಬೈಯುವುದಕ್ಕೆ ಮುಂಚೆ ಯಾಕೆ ಬಿದ್ದೆ ಅಂತ ಒಂದು ಮಾತು ಕೇಳಿ.

ಮಗಳು ದೀಪಾವಳಿಗೆ ಬರುತ್ತೇನೆ ಅಂದಿದ್ದಾಳೆ. ಐವತ್ತು ದಾಟಿದ ಹೆಂಗಸು ಯಜ್ದಿ ಮೇಲೆ ಸ್ಟೇಷನ್ ರಸ್ತೆಗೆ ಹೋದರೆ ಬೀದಿಯವರು ಏನಂತಾರೋ ಗೊತ್ತಿಲ್ಲ. ಅನ್ನಲಿ. ಕೀ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ, ಎಲ್ಲರ ಕೈಗೂ ಎಟುಕುವ ಹಾಗೆ ನೇತಾಡುತ್ತಿದೆ.